ಕೊನೆಯ ಖೋಲಿಯ ಮಗ್ಗಿ

ದೆವ್ವ, ಭೂತ, ಗಾಳಿ ಸೋಕಿತು ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಕೈಗೆ ಕೆಲಸವಿಲ್ಲದವರ ಕಿವಿಗೆ ಏನೇನೋ ಕೇಳಿಸುತ್ತದೆ ಎಂದು ಹತ್ತು ಮಂದಿಯ ಮುಂದೆ ನಕ್ಕವನು ನಾನು. ಈಗ ಇದನ್ನು ಓದಿ ನೀವು ನಕ್ಕರೆ ನನ್ನ ತಕರಾರಿಲ್ಲ.

ನಾನು ಭಾಲ್ಕಿ ಕಡೆಯವನು. ಏಳನೆಯ ಇಯತ್ತೆಗೇ ಶಾಲೆ ಬಿಟ್ಟು, ವಾಳೂಜ್‌ನ ಕಾರ್ಖಾನೆಯಲ್ಲಿ ವೆಲ್ಡಿಂಗ್ ಕಲಿತು, ಈಗ ನಾಸಿಕ್ ಕಡೆಯ ನಿಫಾಡ್ ಹತ್ತಿರದ ಹಳ್ಳಿಯಲ್ಲಿ ಸ್ವಂತ ಅಂಗಡಿ ಇಟ್ಟಿದ್ದೇನೆ. ಸುತ್ತಲಿನ ದ್ರಾಕ್ಷಿ ತೋಟಗಳ ಕಬ್ಬಿಣದ ಚಪ್ಪರವೆಲ್ಲ ನನ್ನ ಕೈಯದು. ಊರಿನ ಹೈಸ್ಕೂಲಿನ ಮೇಲೆ ಮಾತ್ರ ನನಗೆ ಮೂರು ಕಾಸಿನ ಗೌರವವಿಲ್ಲ. ಅದರ ಕಮಿಟಿಯಲ್ಲಿರುವ ತೋಟದ ಮಾಲೀಕರು ಆಗಸ್ಟ್ ಹದಿನೈದಕ್ಕೆ ಫೇಟಾ ಸುತ್ತಿಕೊಂಡು ನಮ್ಮ ಶಾಲೆ, ನಮ್ಮ ಹೆಮ್ಮೆ ಎಂದು ಭಾಷಣ ಬಿಗಿಯುತ್ತಾರೆ. ಅವರ ಮಕ್ಕಳು ಹಳದಿ ಬಸ್ಸು ಹತ್ತಿ ನಾಸಿಕ್‌ನ ಇಂಗ್ಲಿಷ್ ಶಾಲೆಗೆ ಹೋಗುತ್ತಾರೆ. ಹೆಡ್‌ಮಾಸ್ತರರು ಅವರ ಕಾರಿನ ಬಾಗಿಲು ತೆಗೆಯಲು ಓಡುತ್ತಾರೆ.

ಹೋದ ವರ್ಷ ಮಗಳು ಶಿವಲೀಲಾ ಅದೇ ಶಾಲೆಯಲ್ಲಿ ಒಂಬತ್ತನೆಯದು ಮುಗಿಸಿದಾಗ, ಇಷ್ಟು ಸಾಕು, ಅಂಗಡಿಯಲ್ಲಿ ಕೂತು ವ್ಯವಹಾರ ಕಲಿ ಎಂದೆ. ಅವಳು ಊಟ ಬಿಟ್ಟಳು. ನಾನು ಬಗ್ಗಲಿಲ್ಲ. ಅವಳನ್ನೂ ಕರೆದುಕೊಂಡು ಟಿ.ಸಿ. ತರಲು ಹೋದೆ. ರಜೆ ಶುರುವಾಗಿತ್ತು, ಶಾಲೆಯಲ್ಲಿ ಹೆಡ್‌ಮಾಸ್ತರರು ಒಬ್ಬರೇ.

“ಹುಡುಗಿ ಲೆಕ್ಕದಲ್ಲಿ ಚುರುಕು, ಭಾವೂ. ಬಿಡಿಸಬೇಡಿ,” ಎಂದರು ಮರಾಠಿಯಲ್ಲಿ.

“ನಿಮ್ಮ ಮಗ ಯಾವ ಶಾಲೆಗೆ ಹೋಗ್ತಾನ್ರಿ ಸರ?” ಎಂದು ನಾನೂ ಮರಾಠಿಯಲ್ಲೇ ಕೇಳಿದೆ. ಅವರು ತಲೆ ತಗ್ಗಿಸಿ ಟಿ.ಸಿ. ಬರೆಯತೊಡಗಿದರು.

ನಾನು ವರಾಂಡದಲ್ಲಿ ನಿಂತೆ. ಮಗಳು ಮುಖ ತಿರುಗಿಸಿಕೊಂಡು ಬೈಕಿನ ಹತ್ತಿರ ನಿಂತಳು. ಆಗ ಕೊನೆಯ ಖೋಲಿಯಿಂದ ಮಗ್ಗಿ ಕೇಳಿಸಿತು, ಕನ್ನಡದಲ್ಲಿ. ಆ ಊರಿನಲ್ಲಿ ಕನ್ನಡದ ಮನೆ ನಮ್ಮದೊಂದೇ. ಗಂಡಸಿನ ದನಿಯೊಂದು ಪ್ರಶ್ನೆ ಹಾಕುತ್ತಿತ್ತು, ಮಕ್ಕಳು ಒಟ್ಟಿಗೆ ಉತ್ತರ ಹೇಳುತ್ತಿದ್ದರು.

“ಹದಿನೇಳ್ ಏಳ್ಲೆ?”

“ನೂರಾ ಹತ್ತೊಂಬತ್ತು.”

“ಹದಿನೇಳ್ ಎಂಟ್ಲೆ?”

ಮಕ್ಕಳು ಸುಮ್ಮನಾದರು. ನನ್ನ ಕೈಗಳು ತಾವಾಗಿಯೇ ಎದೆಯ ಮೇಲೆ ಕಟ್ಟಿಕೊಂಡವು.

“ನೂರಾ ಮೂವತ್ತಾರ್ರಿ ಸರ,” ಎಂದು ಗಟ್ಟಿಯಾಗಿ ಹೇಳಿಬಿಟ್ಟೆ.

ಹೆಡ್‌ಮಾಸ್ತರರು ಹೊರಗೆ ಬಂದು, ಯಾರ ಜೊತೆ ಮಾತಾಡುತ್ತಿದ್ದೀರಿ ಎಂದರು. ಅವರಿಗೆ ಏನೂ ಕೇಳಿಸಿರಲಿಲ್ಲ. ನಾನು ಹಟ ಹಿಡಿದು ಆ ಖೋಲಿಯ ಬೀಗ ತೆಗೆಸಿದೆ. ಒಳಗೆ ಮುರಿದ ಬೆಂಚುಗಳು, ಮಧ್ಯಾಹ್ನದೂಟದ ಖಿಚಡಿ ಅಕ್ಕಿಯ ಖಾಲಿ ಚೀಲಗಳು. ನೆಲದ ಧೂಳಿನಲ್ಲಿ ಇಲಿಯ ಹೆಜ್ಜೆ ಬಿಟ್ಟರೆ ಇನ್ನಾವ ಗುರುತೂ ಇಲ್ಲ. ಟಿ.ಸಿ. ಅವರ ಕೈಯಲ್ಲೇ ಉಳಿಯಿತು. ನಾನು ಹೊರಟು ಬಂದೆ.

ದಾರಿಯಲ್ಲಿ ಬೈಕ್ ನಿಲ್ಲಿಸಿ, ನಿನಗೇನಾದರೂ ಕೇಳಿಸಿತೇ ಎಂದು ಮಗಳನ್ನು ಕೇಳಿದೆ.

“ದಿನಾ ಹೇಳ್ತಾರಲ್ಲ ಪಪ್ಪಾ. ನಾ ಆ ಖೋಲಿ ಮುಂದೇ ಕುಂತು ಡಬ್ಬಾ ತಿಂತೀನಿ.”

“ಅಂಜಿಕಿ ಬರಂಗಿಲ್ಲೇನು?”

“ಅಂಜೂದ್ಯಾಕ, ಲೆಕ್ಕಾನೇ ಕೇಳ್ತಾರ. ದಿನಾ ಹದಿನೇಳ್ ಎಂಟ್ಲೆಕ್ಕ ಬಂದು ನಿಂತಬಿಡ್ತಾರ. ಇವತ್ತ ನೀವ್ ಹೇಳಿದ ಮ್ಯಾಲ ಒಂಬತ್ಲೆಕ್ಕ ಹೋದ್ರು.”

ಶಿವಲೀಲಾ ಈಗ ಹತ್ತನೆಯದರಲ್ಲಿದ್ದಾಳೆ. ತನ್ನ ಬುದ್ಧಿಮಾತಿಗೆ ನಾನು ಬಗ್ಗಿದೆನೆಂದು ಹೆಡ್‌ಮಾಸ್ತರ ಕಮಿಟಿಯವರ ಮುಂದೆ ಹೇಳಿಕೊಂಡು ತಿರುಗುತ್ತಾನಂತೆ. ತಿರುಗಲಿ. ತನ್ನ ಶಾಲೆಯಲ್ಲಿ ಪಾಠ ಮಾಡುವವರು ಯಾರೆಂಬುದೇ ಆ ಮನುಷ್ಯನಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.