ಕೋರಮಂಡಲ್ ಗೇಟಿನಲ್ಲಿ ಕೆಂಪು ರೆಕಾರ್ಡು

ಆ ವಾಚ್‌ಮನ್‌ನ ಮುಖ ನೆನೆಸಿಕೊಂಡರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನಲ್ಲಿ ಬಂಗಾರಪೇಟೆಯಲ್ಲಿ ಗ್ರಾಮಫೋನ್ ರಿಪೇರಿ ನನ್ನ ಕೆಲಸ, ಜಪಾನಿನ ಕಂಪನಿಗಳು ಹೊರತರುತ್ತಿದ್ದ ಸಿನಿಮಾ ಸಂಗೀತದ ರೆಕಾರ್ಡು ಹುಡುಕುವುದು ನನ್ನ ಹುಚ್ಚು. ಊರು ಬಿಟ್ಟು ಹೊರಟಿದ್ದ ಚಿನ್ನದ ಗಣಿಯ ಬಿಳಿ ದೊರೆಯೊಬ್ಬ, ಗಣಿಯವರ ಕೋರಮಂಡಲ್ ಕಾಲೊನಿಯ ತನ್ನ ಬಂಗಲೆಗೆ ಕರೆಸಿ ಅಂಥದೊಂದನ್ನು ಕೊಟ್ಟ. ಗಾಜಿನ ಬಳೆಯಂತೆ ಬೆಳಕು ಹಾಯುವ ಕೆಂಪು ರೆಕಾರ್ಡು.

ಚಿನ್ನ ಕದ್ದೊಯ್ಯುತ್ತಾರೆಂದು ಗೇಟಿನಲ್ಲಿ ನಮ್ಮಂಥವರನ್ನು ತಡಕಿಯೇ ಬಿಡುತ್ತಿದ್ದರು. ವಾಚ್‌ಮನ್ ನನ್ನ ಚೀಲದಿಂದ ರೆಕಾರ್ಡು ಈಚೆಗೆ ತೆಗೆದ.

"ರೆಕಾರ್ಡು ಕರ್ರಗಿರ್ತದೆ. ಇದ್ಯಾಕ್ಲಾ ಕೆಂಪಗೈತೆ?"

"ಜಪಾನ್‌ದಣ್ಣ, ಅಲ್ಲಿ ಹಂಗೂ ಮಾಡ್ತಾರೆ. ಬಿಸಿಲಿಗೆ ಹಿಡಿದು ನೋಡು, ಒಳಗೇನೂ ಇಲ್ಲ."

ಹಿಡಿದು ನೋಡಿದ. ಆಚೆ ನಿಂತ ನನ್ನ ಮುಖವೂ ಅದರಲ್ಲಿ ಕಂಡಿರಬೇಕು. ಆದರೂ "ನನ್ ಕಿವಿಗೇ ಹೂವ ಇಡ್ತೀಯಾ" ಎಂದು ಬೀಗದ ಕೈಯಿಂದ ಅಂಚಿನಿಂದ ನಡುವಿನವರೆಗೆ ಕೆರೆದ. ಉದುರಿದ ಕೆಂಪು ಪುಡಿಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, "ಏನೂ ಇಲ್ಲ, ಓಗು" ಎಂದ.

ಬೆಳಿಗ್ಗೆ ನಾನು ಒಳಗೆ ಹೋಗುವಾಗ ದೊರೆಯ ಸಾಮಾನಿನ ಲಾರಿ ಇದೇ ಗೇಟಿನಿಂದ ಹೊರಬಿದ್ದಿತ್ತು. ಪೆಟ್ಟಿಗೆಗಳಿಗೆ ಬಿಗಿದ ಹಗ್ಗ ಬಿಗಿದಂತೆಯೇ ಇತ್ತು. ಸಲಾಂ ಹೊಡೆದ ಈ ಮನುಷ್ಯ, ಅದರ ಧೂಳು ಇಳಿಯುವವರೆಗೂ ಕೈ ಇಳಿಸಿರಲಿಲ್ಲ.