ಹದಿನಾರನೇ ದಿನ ತೊಡಿಸಿದ ಬಳೆ

ಪುತಾಯೆಂದೋ ಊರಿನಲ್ಲಿ ಎರ್ಮಿಂದೋ ಒಲ್ಗೀನನನ್ನು ಎದುರಿಗೆ ಎಲ್ಲರೂ ದೋನ್ ಎರ್ಮಿಂದೋ ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದರು; ಬೆನ್ನ ಹಿಂದೆ ಮಾತ್ರ ‘ಕಲಂ ಸಾಹೇಬ’. ಆ ಅಡ್ಡಹೆಸರು ಅವನ ಕಿವಿಗೂ ಬಿದ್ದಿತ್ತು, ಒಳಗೊಳಗೇ ಇಷ್ಟವೂ ಆಗಿತ್ತು. ಇಪ್ಪತ್ತು ವರ್ಷ ದ್ರಾಕ್ಷಿ ತೋಟಗಳಲ್ಲಿ ಡೇಗೆ ಹಾರಿಸಿ, ಹಣ್ಣು ತಿನ್ನುವ ಹಕ್ಕಿಗಳನ್ನು ಓಡಿಸಿ ಹೊಟ್ಟೆ ಹೊರೆದವನು ಅವನು. ಆಮೇಲೆ ಹಿತ್ತಲಲ್ಲಿ ಜಾಲರಿಯ ಮನೆ ಕಟ್ಟಿಸಿ, ಪೆಯುಕೊ ಎನ್ನುವ ಕಂದು ಡೇಗೆಗಳನ್ನು ಅಲ್ಲೇ ಜೋಡಿ ಹಾಕಿ ಮರಿ ಮಾಡಿಸಲು ಪರವಾನಗಿ ಪಡೆದ. ಆ ಕಣಿವೆಯಲ್ಲಿ ಅಂಥ ಪರವಾನಗಿ ಇದ್ದವರು ನಾಲ್ಕೇ ಜನ. ನಿಯಮದ ಪುಸ್ತಕವನ್ನು ಬಾಯಿಪಾಠ ಮಾಡಿದ್ದವನು ಇವನೊಬ್ಬನೇ.

ನಿಯಮಗಳೇನು ಬ್ರಹ್ಮವಿದ್ಯೆಯಲ್ಲ. ಬೆಟ್ಟದ ಗೂಡಿನಿಂದ ಮರಿ ಇಳಿಸಬಾರದು. ಮೊಟ್ಟೆ ಇಟ್ಟ ದಿನ, ಒಡೆದ ದಿನ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಹಕ್ಕಿ ಸತ್ತರೆ ಅದರ ಕಾಲಿನ ಬಳೆಯನ್ನು ಪರವಾನಗಿ ಕೊಟ್ಟ ಕಚೇರಿಗೆ ಒಪ್ಪಿಸಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಈ ಬಳೆಯೇ. ಅಂಕಿ ಕೊರೆದ ಆ ಲೋಹದ ಬಳೆಗೆ ಬಾಯಿ ಇಲ್ಲ, ಬೆಸುಗೆ ಇಲ್ಲ. ಮರಿ ಹುಟ್ಟಿದ ಎಂಟರಿಂದ ಹತ್ತು ದಿನದೊಳಗೆ, ಬೆರಳು ಇನ್ನೂ ಮೆತ್ತಗಿರುವಾಗಲೇ, ಮುಂದಿನ ಮೂರನ್ನು ಕೂಡಿಸಿ, ಹಿಂಬೆರಳನ್ನು ಕಾಲಿಗೆ ಒತ್ತಿ ಮಡಚಿ ಅದನ್ನು ತೂರಿಸಬೇಕು. ಆಮೇಲೆ ಪಾದ ದಪ್ಪವಾಗಿ ಬಳೆ ಹತ್ತುವುದಿಲ್ಲ. ಬಳೆ ಇದ್ದರೆ ಮರಿ ಮನೆಯಲ್ಲಿ ಹುಟ್ಟಿದ್ದು. ಇಲ್ಲದಿದ್ದರೆ ಕದ್ದದ್ದು ಎಂದೇ ಅರ್ಥ.

ಮೂರು ವರ್ಷದ ಹಿಂದೆ ಹೊಳೆಯಾಚೆಯ ಕ್ಲೊರಿಂದಾ ಸಾವೆದ್ರಾ ಪೆಟ್ಟು ತಿಂದದ್ದು ಈ ಬಳೆಯ ವಿಷಯದಲ್ಲೇ. ಅವಳೂ ಪರವಾನಗಿ ಇದ್ದವಳು, ಕೈಗುಣ ಒಳ್ಳೆಯದು. ಮೊಟ್ಟೆ ಒಡೆದ ಎರಡನೇ ದಿನ ಮೇಲಿನ ಹಳ್ಳಿಯಲ್ಲಿದ್ದ ಅವಳ ತಾಯಿ ತೀರಿಕೊಂಡಳು. ಮಣ್ಣು ಮಾಡಿ, ಒಂಬತ್ತು ದಿನದ ಜಪ ಮುಗಿಸಿ ಬರುವಷ್ಟರಲ್ಲಿ ಎರಡು ಮರಿಗಳಿಗೂ ದಿನ ಮೀರಿತ್ತು. ಅವಳೇನೂ ಮುಚ್ಚಿಡಲಿಲ್ಲ. ಸಾಕಣೆಗಾರರ ಸಂಘದಲ್ಲಿ ತಾನಾಗಿಯೇ ಹೇಳಿ, ಈಗೇನು ಮಾಡಲಿ ಎಂದು ಕೇಳಿದಳು. ಎದ್ದು ನಿಂತವನು ಎರ್ಮಿಂದೋ.

“ಇದ್ರಲ್ಲಿ ಕೇಳೋದೇನಿದೆ ದೋನ್ಯಾ ಕ್ಲೊರಿಂದಾ? ಬಳೆ ಇಲ್ಲ ಅಂದ್ಮೇಲೆ ಮರಿ ಬೆಟ್ಟದ್ದು. ನೀವು ಇಳಿಸ್ಕೊಂಡು ಬಂದಿಲ್ಲ ಅಂತ ನಾವು ಹೆಂಗೆ ನಂಬೋದು?”

“ನಮ್ಮಮ್ಮ ಹೋಗಿದ್ದು ನಿಮಗೆ ಗೊತ್ತಿಲ್ವಾ? ಬಂದು ಮೇಣದಬತ್ತಿ ಹಚ್ಚಿದೋರು ನೀವೇ ಅಲ್ವಾ?”

“ಸಾವು ಎಲ್ಲಾರ ಮನೇಲೂ ಆಗುತ್ತೆ. ನಿಯಮ ಮನೆಗೊಂದು ಇರಲ್ಲ.”

ಕಚೇರಿಗೆ ಕಾಗದ ಬರೆದವನೂ ಅವನೇ. ಮರಿಗಳನ್ನು ಒಯ್ದರು, ಪರವಾನಗಿ ಕಿತ್ತುಕೊಂಡರು. ಕ್ಲೊರಿಂದಾಳ ಜಾಲರಿ ಮನೆಗೆ ಕೋಳಿಗಳು ಬಂದವು. ಊರಿನ ಬಾಯಿಗೆ ಬಾಗಿಲು ಹಾಕುವವರು ಯಾರು? ‘ಗೂಡುಗಳ್ಳಿ’ ಎನ್ನುವ ಹೆಸರು ಅವಳಿಗೆ ಅಂಟಿಕೊಂಡಿತು. ಅವಳು ಅಂಗಡಿಗೆ ಬಂದರೆ ಹೆಂಗಸರು ಮಾತು ನಿಲ್ಲಿಸುತ್ತಿದ್ದರು. ಎರ್ಮಿಂದೋ ಅದನ್ನೂ ನೋಡಿದ್ದ, ನೋಡಿಯೂ ನಿಯಮ ಗೆದ್ದಿತು ಎಂದೇ ತಿಳಿದಿದ್ದ.

ಈ ಸಲದ ಅಕ್ಟೋಬರಿನಲ್ಲಿ ಅವನ ಹಳೆಯ ಹೆಣ್ಣು ಡೇಗೆ ಕನೇಲಾ ಒಂದೇ ಒಂದು ಮರಿ ಮಾಡಿತು. ಅದೇ ವಾರ ತಾಲ್ಕಾ ಪಟ್ಟಣದಲ್ಲಿ ದೇಶದ ಸಾಕಣೆಗಾರರ ಸಭೆ. ಬಳೆಯ ನಿಯಮದ ಬಗ್ಗೆ ದೋನ್ ಎರ್ಮಿಂದೋ ಅವರೇ ಮಾತಾಡಬೇಕು ಎಂದು ಕರೆ ಬಂದಿತ್ತು. ಇದ್ದ ಒಂದೇ ಕೋಟು ಹಾಕಿಕೊಂಡು, ಮರಿಗೆ ಐದು ದಿನ ತುಂಬಿದಾಗ ಹೊರಟ. ಮೂರು ದಿನದ ಮಾತು. ಭಾಷಣಕ್ಕೆ ಚಪ್ಪಾಳೆ ಬಿತ್ತು, ಫೋಟೋ ತೆಗೆದರು. ಒಬ್ಬ ಜಮೀನುದಾರ ತನ್ನ ತೋಟಕ್ಕೆ ಕರೆದೊಯ್ದು ಕುರಿಮರಿ ಸುಟ್ಟು ಬಡಿಸಿದ. ಮಾರನೇ ದಿನ ಇನ್ನೊಬ್ಬ. ಹೊಗಳಿಕೆ ಎನ್ನುವುದು ದ್ರಾಕ್ಷಾರಸಕ್ಕಿಂತ ಬೇಗ ತಲೆಗೇರುತ್ತದೆ.

ಹೆಂಡತಿ ಮಿರ್ತಾ ಫೋನ್ ಮಾಡಿದಳು. “ಮುದುಕಪ್ಪಾ, ಮರಿಗೆ ಒಂಬತ್ತು ದಿನ ಆಯ್ತು. ಬಳೆ ಎಲ್ಲಿದೆ?”

“ಡಬ್ಬೀಲಿದೆ. ನಾಳೆ ಬರ್ತೀನಿ.”

“ನಿನ್ನ ನಾಳೆ ನಂಗೊತ್ತಿಲ್ವಾ? ನಾನೇ ಹಾಕ್ತೀನಿ ಬಿಡು. ಎಷ್ಟು ಸಲ ನೋಡಿಲ್ಲ!”

“ಮುಟ್ಬೇಡ! ನೋಡಿದ ತಕ್ಷಣ ಬಂದ್ಬಿಡುತ್ತಾ? ಅದೇನು ಹಿಟ್ಟು ನಾದೋ ಕೆಲಸಾನಾ?”

“ಆಯ್ತು ಸಾಹೇಬ್ರೇ. ಕುರಿ ತಿಂದ್ಕೊಂಡು ನಿಧಾನವಾಗೇ ಬನ್ನಿ.”

ಅವನು ಬಂದದ್ದು ಹದಿನಾರನೇ ದಿನ. ಕೋಟು ಬಿಚ್ಚದೆಯೇ ಜಾಲರಿ ಮನೆಗೆ ಹೋಗಿ ಮರಿಯ ಪಾದ ನೋಡಿದ. ಆಗಲೇ ದಪ್ಪವಾಗಿಬಿಟ್ಟಿತ್ತು.

“ಕಚೇರಿಗೆ ಫೋನ್ ಮಾಡಿ ತಡ ಆಯ್ತು ಅಂತ ಹೇಳ್ಬಿಡು,” ಎಂದಳು ಮಿರ್ತಾ. “ಏನಾಗುತ್ತೋ ಆಗ್ಲಿ.”

“ಕಲಂ ಸಾಹೇಬನೇ ತಪ್ಪಿದ ಅಂತ ಊರೆಲ್ಲಾ ನಗಲಾ? ಒಳಗಿಂದ ಹಂದಿಕೊಬ್ಬು ತಗೊಂಡ್ಬಾ.”

ಅವಳು ಹೋಗಲಿಲ್ಲ. ಅವನೇ ಹೋಗಿ ತಂದ. ಪಾದಕ್ಕೆ ಬಳಿದ, ಬಳೆಗೆ ಬಳಿದ, ಮಡಚಿದ, ಒತ್ತಿದ. ಮರಿ ಕಿರುಚಿತು. ಅವನ ಜೀವಮಾನದಲ್ಲಿ ಹಕ್ಕಿಯೊಂದು ಅವನ ಕೈಯಲ್ಲಿ ಹಾಗೆ ಕಿರುಚಿದ್ದಿಲ್ಲ. ಬೆಂಕಿಕಡ್ಡಿ ಮುರಿದಷ್ಟು ಸಣ್ಣ ಸದ್ದಾಯಿತು, ಬಳೆ ಹತ್ತಿತು. ಪುಸ್ತಕ ತೆಗೆದು, ‘ಬಳೆ ತೊಡಿಸಿದ್ದು ಒಂಬತ್ತನೇ ದಿನ’ ಎಂದು ದುಂಡಗೆ ಬರೆದ. ಆ ಸಂಜೆ ಮಿರ್ತಾ ಚಹಾ, ಬ್ರೆಡ್ಡು ಮೇಜಿನ ಮೇಲಿಟ್ಟು ಎದುರಿಗೆ ಕೂರದೆ ಒಳಗೆ ಹೋದಳು.

ಎರಡು ವಾರದಲ್ಲಿ ಮರಿಯ ಹಿಂಬೆರಳು ಕಪ್ಪಾಗಿ, ಒಣಗಿ, ಉದುರಿತು. ಡೇಗೆಗೆ ಹಿಂಬೆರಳೆಂದರೆ ಹಿಡಿತ. ಅದಿಲ್ಲದ ಡೇಗೆ ಒಂದು ಗುಬ್ಬಿಯನ್ನೂ ಗಟ್ಟಿಯಾಗಿ ಹಿಡಿಯಲಾರದು.

ಡಿಸೆಂಬರಿನಲ್ಲಿ ತಪಾಸಣೆಗೆ ಇನ್ಸ್‌ಪೆಕ್ಟರ್ ಇಬಾಕಾಚೆ ಬಂದ. ಪುಸ್ತಕ ಓದಿ ತಲೆಯಾಡಿಸಿದ. ಮರಿಯನ್ನು ಎತ್ತಿ ಬಳೆಯ ಅಂಕಿ ನೋಡುವಾಗ ಅವನ ಕಣ್ಣು ಪಾದದ ಮೇಲೆ ನಿಂತಿತು.

“ಹಿಂಬೆರಳು ಏನಾಯ್ತು ದೋನ್ ಎರ್ಮಿಂದೋ?”

“ತಾಯಿ ಕಚ್ತು.” ಮಾತು ಬಾಯಿಂದ ತಾನಾಗಿ ಜಾರಿತು.

“ಯಾರು, ಕನೇಲಾನಾ? ಹದಿನಾಲ್ಕು ಮರಿ ಸಾಕಿದೋಳು!”

“ವಯಸ್ಸಾಯ್ತಲ್ಲ. ಬುದ್ಧಿ ಕೆಟ್ಟಿರ್ಬೇಕು.”

“ಬೇರೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ ಬಿಡಿ. ನೀವು ಹೇಳಿದ್ಮೇಲೆ ಮುಗೀತು.” ಇಬಾಕಾಚೆ ಕೂತು ಬರೆದ: ಮರಿ ಕಚ್ಚುವ ತಾಯಿಯನ್ನು ಬೇರೆ ಗೂಡಿಗೆ ಹಾಕತಕ್ಕದ್ದು, ಮತ್ತೆ ಜೋಡಿ ಹಾಕಕೂಡದು. ರುಜು ಹಾಕಿ, ಎದ್ದು, ಬೆನ್ನು ತಟ್ಟಿದ. “ಹೊಳೆಯಾಚೆ ದೋನ್ಯಾ ಕ್ಲೊರಿಂದಾ ಒಂದು ತಿಂಗಳು ನಿಮ್ಮ ಹತ್ರ ಪಾಠಕ್ಕೆ ಬಂದಿದ್ರೆ ಅವರಿಗೆ ಆ ಗತಿ ಬರ್ತಿರ್ಲಿಲ್ಲ, ಅಲ್ವಾ?”

ಎರ್ಮಿಂದೋ ‘ಹ್ಹೆ’ ಎಂದು ನಕ್ಕ. ಸುಳ್ಳು ಬರೆದದ್ದಕ್ಕಿಂತ, ಬಾಯಿಲ್ಲದ ಹಕ್ಕಿಯ ಮೇಲೆ ಹೊರಿಸಿದ್ದಕ್ಕಿಂತ ಆ ನಗುವೇ ಅವನನ್ನು ಹೆಚ್ಚು ಸುಟ್ಟದ್ದು. ಜೀಪು ತಿರುವು ದಾಟುವ ಮೊದಲೇ ಮುಖ ಬಿಸಿಯಾಗಿ, ಕಿವಿಯವರೆಗೂ ನಾಚಿಕೆ ಏರಿತು.

ಕನೇಲಾಳನ್ನು ಅವನೇ ಕೈಯಾರೆ ಬೇರೆ ಮಾಡಿದ. ಹಲಗೆಯ ಗೋಡೆಯಾಚೆ ಮರಿ, ಈಚೆ ತಾಯಿ. ಹಾಕಿದ ಮಾಂಸವನ್ನು ಕನೇಲಾ ತಿನ್ನುತ್ತಿರಲಿಲ್ಲ. ಕೊಕ್ಕಿನಲ್ಲಿ ಕಚ್ಚಿಕೊಂಡು ಹಲಗೆಯ ಬಳಿ ಹೋಗಿ ನಿಂತು ಕೂಗುತ್ತಿತ್ತು, ಉಣಿಸಲು ಮರಿಯನ್ನು ಕರೆಯುವ ಕೂಗು. ಬೆಳಗಿನಿಂದ ಸಂಜೆಯವರೆಗೆ ಅದೇ. ಎರ್ಮಿಂದೋ ಹಿತ್ತಲಿಗೆ ಹೋಗುವುದನ್ನೇ ಬಿಟ್ಟ. ಕನ್ನಡಿ ಮುಂದೆ ನಿಂತು ಗಡ್ಡ ಹೆರೆಯುವುದನ್ನೂ ಬಿಟ್ಟ.

“ಕಚ್ಚೋಳು ಹಂಗೆ ಕರೀತಾಳಾ?” ಎಂದಳು ಮಿರ್ತಾ, ಅಷ್ಟು ದಿನದಲ್ಲಿ ಮೊದಲ ಸಲ ಅವನ ಕಡೆ ನೇರವಾಗಿ ನೋಡಿ. “ನಿಂಗೆ ನಾಚ್ಕೆ ಆಗ್ತಿದೆ ಅಂತ ನಂಗೆ ಕಾಣ್ಸುತ್ತೆ. ಆದ್ರೆ ಮನೇಲಿ ಕೂತು ನಾಚ್ಕೊಂಡ್ರೆ ಯಾರಿಗೆ ಲಾಭ?”

ಮಾರನೇ ಬೆಳಿಗ್ಗೆ ಅವನು ಹೊಳೆ ದಾಟಿದ. ಮೂರು ವರ್ಷದಿಂದ ಆ ದಾರಿ ತುಳಿದಿರಲಿಲ್ಲ. ಕ್ಲೊರಿಂದಾ ಜಾಲರಿ ಮನೆಯೊಳಗೆ ಬಗ್ಗಿ ಮೊಟ್ಟೆ ಹೆಕ್ಕುತ್ತಿದ್ದಳು.

“ಏನು ದೋನ್ ಎರ್ಮಿಂದೋ, ಕೋಳಿಗೂ ಬಳೆ ತೊಡಿಸ್ಬೇಕು ಅಂತ ಹೇಳೋಕೆ ಬಂದ್ರಾ?”

ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದ. ನಿಂತೇ ಎಲ್ಲ ಹೇಳಿದ: ತಾಲ್ಕಾದ ಚಪ್ಪಾಳೆ, ಸುಟ್ಟ ಕುರಿ, ಹಂದಿಕೊಬ್ಬು, ಉದುರಿದ ಬೆರಳು, ಪುಸ್ತಕದ ಸುಳ್ಳು, ಕನೇಲಾಳ ಮೇಲೆ ಹೊರಿಸಿದ್ದು. ಇನ್ಸ್‌ಪೆಕ್ಟರನ ಮಾತಿಗೆ ತಾನು ನಕ್ಕದ್ದನ್ನೂ ಬಿಡಲಿಲ್ಲ. ಹೇಳುವಾಗ ಅವಳ ಮುಖ ನೋಡುವ ಧೈರ್ಯವಾಗದೆ ಕೋಳಿಗಳನ್ನೇ ನೋಡುತ್ತಿದ್ದ.

“ನಾಳೆ ಕಚೇರಿಗೆ ಹೋಗಿ ಇದನ್ನೇ ಹೇಳ್ತೀನಿ. ಪರವಾನಗಿ ಹೋದ್ರೆ ಹೋಗ್ಲಿ. ಸಂಘದಲ್ಲೂ ಎದ್ದು ನಿಂತು ಹೇಳ್ತೀನಿ, ಅವತ್ತು ನಿಮಗೆ ಅಂದಿದ್ದು ತಪ್ಪು ಅಂತ. ನಿಮ್ಮ ಮುಂದೆ ನಿಲ್ಲೋಕೆ ನಂಗೆ ಮುಖ ಇಲ್ಲ ದೋನ್ಯಾ ಕ್ಲೊರಿಂದಾ.”

ಕ್ಲೊರಿಂದಾ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

“ಎಷ್ಟನೇ ದಿನ ಹಾಕಿದ್ರಿ?” ಎಂದು ಕೇಳಿದಳು.

“ಹದಿನಾರು.”

“ನಾನು ಬಂದಾಗ ನನ್ನವಕ್ಕೆ ಹನ್ನೆರಡು. ಎರಡೇ ದಿನ ಹೆಚ್ಚು.” ಮೊಟ್ಟೆಯ ಬುಟ್ಟಿಯನ್ನು ನಿಧಾನವಾಗಿ ನೆಲಕ್ಕಿಟ್ಟಳು. “ಹಂದಿಕೊಬ್ಬು ನಮ್ಮನೇಲೂ ಇತ್ತು ದೋನ್ ಎರ್ಮಿಂದೋ. ಬಳ್ದೂ ಆಗಿತ್ತು. ಒಂದು ಸಲ ಒತ್ತಿದೆ, ಮರಿ ಕಿರುಚ್ತು. ಬಳೆ ತೆಗೆದು ಡಬ್ಬಿಗೆ ಹಾಕಿ, ಕಾಲು ತೊಳ್ದು, ನಿಮ್ಮನ್ನೆಲ್ಲಾ ಕೇಳೋಣ ಅಂತ ಸಂಘಕ್ಕೆ ಬಂದೆ.”