ದೊಡ್ಡವ್ವನ ಹೊಸ ಮಂಡಿ

‘ಡಾಕ್ಟ್ರೇ, ಆ ಕನ್ನಡಕ ನಂಗೂ ಒಸಿ ಕೊಡಿ’ ಎಂದು ಕೈ ಚಾಚಿಯೇಬಿಟ್ಟಳು ಕೂಟಗಲ್‌ನ ನನ್ನ ದೊಡ್ಡವ್ವ.

ಅವಳ ಮಂಡಿ ಆಪರೇಷನ್ನಿಗೆ ಮೊದಲಿನ ಮಾತಿದು. ಡಾಕ್ಟರ್ ಪುಣ್ಯಾತ್ಮ, ಬೇಸರಿಸದೆ ಕೊಟ್ಟರು. (ನನಗೂ ಆಸೆಯಿತ್ತು. ಕೇಳುವ ಧೈರ್ಯವಿರಲಿಲ್ಲ.) ಟೇಬಲ್ಲಿನ ಮೇಲೆ ಪ್ಲಾಸ್ಟಿಕ್ ಮೂಳೆ. ಕನ್ನಡಕದಲ್ಲಿ ನೋಡಿದರೆ ಅದರ ಮೇಲೆ ಬಣ್ಣದ ಗೆರೆಗಳು: ಎಲ್ಲಿ ಕೊಯ್ಯಬೇಕು, ಎಷ್ಟು ಓರೆ, ಹೊಸ ಕೀಲು ಹೇಗೆ ಕೂರುತ್ತದೆ. ಆಪರೇಷನ್ ಮಾಡುವಾಗ ಡಾಕ್ಟರಿಗೂ ನಿಜವಾದ ಮಂಡಿಯ ಮೇಲೆ ಹೀಗೇ ಕಾಣುತ್ತದಂತೆ. ಆಗ್ಮೆಂಟೆಡ್ ರಿಯಾಲಿಟಿ!

‘ಸಂದಾಗೈತೆ. ಕುಕ್ಕರಗಾಲಲ್ಲಿ ಕೂತ್ಕಂಡ್ರೆ ಎಂಗ್ ಕಾಣ್ತದೆ, ಅದ್ನ ತೋರ್ಸಿ’ ಎಂದಳು ದೊಡ್ಡವ್ವ.

ಡಾಕ್ಟರ್ ನನ್ನ ಮುಖ ನೋಡಿದರು. ‘ನೋವಿಲ್ಲದೆ ನಡೀತೀರಿ ತಾಯಿ. ಮೆಟ್ಟಿಲೂ ಹತ್ತುತ್ತೀರಿ. ಕುಕ್ಕರಗಾಲಲ್ಲಿ ಮಾತ್ರ ಕೂರಬೇಡಿ.’

‘ಅಂಗಾದ್ರೆ ಕಳೆ ತೆಗ್ಯಾದು?’

‘ಆಳು ಇಡೋಣ ಬಿಡು’ ಎಂದೆ ನಾನು. ಅವಳು ಕನ್ನಡಕ ತೆಗೆದು ವಾಪಸ್ ಕೊಟ್ಟಳು.

ಕಳೆ ಕೀಳುವುದು ಬರೀ ಕೆಲಸವೇ? ನಮ್ಮ ಕಡೆ ಹೆಂಗಸರು ಇವತ್ತಿಗೂ ಮುಯ್ಯಾಳು ಹೋಗುತ್ತಾರೆ. ಇವತ್ತು ನಿಮ್ಮ ಹೊಲ, ನಾಳೆ ನಮ್ಮದು. ರಾಗಿ ಪೈರಿನ ನಡುವೆ ಸಾಲಾಗಿ ಕುಕ್ಕರಿಸುತ್ತಾರೆ. ಕೈ ಕಳೆಯ ಮೇಲೆ, ಕಣ್ಣು ನೆಲದ ಮೇಲೆ. ಸೊಸೆಯ ಮೇಲಿನ ದೂರು, ಗಂಡನ ಗುಟ್ಟು, ತವರಿನ ಸಂಕಟ, ಮುಖ ನೋಡಿ ಹೇಳಲಾಗದ್ದೆಲ್ಲ ಅಲ್ಲಿ ಪಿಸುಮಾತಿನಲ್ಲಿ ಹೊರಬರುತ್ತದೆ. ನಿಂತವರಿಗೆ ಕೇಳಿಸುವುದು ನಗು ಮಾತ್ರ. (ವಾಟ್ಸ್ಯಾಪ್ ಗ್ರೂಪಿಗಿಂತ ಭದ್ರ!) ಮಂಡಿ ಕೈಕೊಟ್ಟ ಮೇಲೆ ಎರಡು ಮಳೆಗಾಲ ದೊಡ್ಡವ್ವ ಆ ಸಾಲಿಗೆ ಹೋಗಿರಲಿಲ್ಲ. ಆಸ್ಪತ್ರೆಗೆ ಬಂದಿದ್ದೇ ಆ ಆಸೆಗೆ.

ಆದರೂ ಆಪರೇಷನ್ ಮಾಡಿಸಿಕೊಂಡಳು. ರಾತ್ರಿ ನಿದ್ದೆಗೆಡಿಸುವ ನೋವು, ಇನ್ನೇನು ಮಾಡಿಯಾಳು? ಎಲ್ಲ ಸುಸೂತ್ರವಾಗಿ ಆಯಿತು.

ಕಳೆದ ವಾರ ಊರಿಗೆ ಹೋದರೆ ಕೋಲಿಲ್ಲದೆ ನನಗಿಂತ ಮುಂದೆ ನಡೆದಳು, ಸೀದಾ ಹೊಲದ ಬದುವಿಗೆ. ಕಳೆ ಕೀಳುತ್ತಿದ್ದ ಹೆಂಗಸರಲ್ಲಿ ಒಬ್ಬಾಕೆ, ‘ಏನಕ್ಕೋ, ಮೇಸ್ತ್ರಿ ಆಗ್ಬುಟ್ಟೆ!’ ಎಂದು ರೇಗಿಸಿದಳು. ದೊಡ್ಡವ್ವನೂ ನಕ್ಕಳು. ಆಮೇಲೆ ಅವರ ತಲೆಗಳು ಬಗ್ಗಿದವು. ಸಾಲು ಮೆಲ್ಲಗೆ ಮುಂದೆ ಸರಿಯಿತು. ಬದುವಿನ ಮೇಲೆ ಇವಳೂ ಅವರ ಜೊತೆಗೇ ಸರಿದಳು.

ನೋವಿಲ್ಲದ ಕಾಲು ಸಿಕ್ಕಮೇಲೆ ಇನ್ನೇನು ಬೇಕು ಎನ್ನುತ್ತೀರಾ? ಅವಳ ಮುಖ ನೋಡಿದ್ದರೆ ಹಾಗೆ ಕೇಳುತ್ತಿರಲಿಲ್ಲ.

ಅಷ್ಟರಲ್ಲಿ ಸಾಲಿನಿಂದ ಜೋರಾಗಿ ನಗು ಎದ್ದಿತು. ದೊಡ್ಡವ್ವ ನನ್ನ ಬೆನ್ನಿಗೆ ಕೈಹಾಕಿ ಮುಂದೆ ತಳ್ಳಿದಳು.

‘ಓಗು ಮಗ, ನೀನಾರ ಒಸಿ ಕೂತ್ಕಂಡು, ಏನಂತ ನಕ್ರು ಅಂತ ಕೇಳ್ಕಂಡ್ ಬಾ.’